ಓಪನ್ ಲೈವ್ ರೈಟರ್‌ನಿಂದ ಬ್ಲಾಗಿಗೆ ಫೋಟೊ ಏರಿಸುವುದು ಹೇಗೆ?

ಬ್ರೌಸರ್‌ನಲ್ಲೇ ಬ್ಲಾಗ್ ಬರೆಯುವಾಗ ನೆಟ್ ಕೈಕೊಟ್ಟರೆ ಬರೆದದ್ದೂ ಹೋಗಬಹುದು. ಅದಕ್ಕೇ ಕೆಲವರು ಕಂಪ್ಯೂಟರ್‌ನಲ್ಲೇ ಎಲ್ಲ ಬರೆದಿಟ್ಟುಕೊಂಡು ಆಮೇಲೆ ಕಳಿಸುತ್ತಾರೆ. ವಿಂಡೋಸ್‌ನಲ್ಲಿ ಈ ಕೆಲಸಕ್ಕೆ ಓಪನ್ ಲೈವ್ ರೈಟರ್ ಇದೆ. ಮೈಕ್ರೋಸಾಫ್ಟ್‌ನ ವಿಂಡೋಸ್ ಲೈವ್ ರೈಟರ್‌ ಕೋಡ್ 2015ರಲ್ಲಿ ಮುಕ್ತವಾದಾಗ ಹುಟ್ಟಿದ ಉಚಿತ ತಂತ್ರಾಂಶ ಇದು. ಬರಹ ಸಲೀಸಾಗಿ ಹೋಗುತ್ತದೆ. ತೊಡಕಾಗುವುದು ಫೋಟೊಗಳಲ್ಲೇ. ವರ್ಡ್‌ಪ್ರೆಸ್ ಸೈಟ್ ಇರುವವರು ಹೀಗೆ ಮಾಡಿ.

ಮೊದಲು ಪಾಸ್‌ವರ್ಡ್. ನಿಮ್ಮ ಮಾಮೂಲಿ ಪಾಸ್‌ವರ್ಡನ್ನು ಹೊರಗಿನ ತಂತ್ರಾಂಶಕ್ಕೆ ಕೊಡಲೇಬೇಡಿ. ವರ್ಡ್‌ಪ್ರೆಸ್ 5.6ರಿಂದ ‘ಅಪ್ಲಿಕೇಶನ್ ಪಾಸ್‌ವರ್ಡ್’ ಸೌಲಭ್ಯ ಇದೆ. ಡ್ಯಾಶ್‌ಬೋರ್ಡ್‌ನ ಯೂಸರ್ಸ್‌ನಲ್ಲಿ ಪ್ರೊಫೈಲ್ ತೆರೆದು ಕೆಳಗೆ ಹೋಗಿ. ಒಂದು ಹೆಸರು ಕೊಟ್ಟರೆ 24 ಅಕ್ಷರಗಳ ಪಾಸ್‌ವರ್ಡ್ ಬರುತ್ತದೆ. ಅದು ಒಂದೇ ಸಲ ಕಾಣಿಸುತ್ತದೆ, ಆಗಲೇ ಕಾಪಿ ಮಾಡಿಕೊಳ್ಳಿ. ರೈಟರ್‌ನಲ್ಲಿ ಬ್ಲಾಗ್ ವಿಳಾಸ, ಯೂಸರ್‌ನೇಮ್ ಜೊತೆ ಇದನ್ನು ಕೊಡಿ. ಖಾತೆ ಸೇರದಿದ್ದರೆ ಸರ್ವರ್‌ನಲ್ಲಿ ಎಕ್ಸ್‌ಎಂಎಲ್-ಆರ್‌ಪಿಸಿ, ಅಂದರೆ ಹೊರಗಿನ ತಂತ್ರಾಂಶಗಳು ಬ್ಲಾಗಿಗೆ ಬರಹ, ಚಿತ್ರ ಕಳಿಸುವ ದಾರಿ, ಮುಚ್ಚಿರಬಹುದು. ನಿಮ್ಮ ಸೈಟಿಗೆ ಸರ್ವರ್ ಜಾಗ ಕೊಟ್ಟ ಹೋಸ್ಟಿಂಗ್‌ನವರನ್ನು ಕೇಳಿ.

ಈಗ ಫೋಟೊ. ಮೊಬೈಲ್‌ನಲ್ಲಿ ತೆಗೆದದ್ದನ್ನು ಹಾಗೇ ಕಳಿಸಬೇಡಿ. ಈ ದಾರಿಯಲ್ಲಿ ಚಿತ್ರ ಅಕ್ಷರಗಳಾಗಿ ಬದಲಾಗಿ ಹೋಗುತ್ತದೆ. ಅದರಿಂದ ಗಾತ್ರ ಮೂರನೇ ಒಂದು ಭಾಗದಷ್ಟು ಜಾಸ್ತಿಯಾಗುತ್ತದೆ. 6 ಎಂಬಿ ಫೋಟೊ 8 ಎಂಬಿ ಆಗುತ್ತದೆ. ಸರ್ವರ್‌ನ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಅಲ್ಲಿಗೇ ನಿಂತುಹೋಗುತ್ತದೆ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ಬ್ಲಾಗಿಗೆ ಅಷ್ಟು ಧಾರಾಳ ಸಾಕು. ಓದುವವರ ಡೇಟಾ ಕೂಡ ಉಳಿಯುತ್ತದೆ ಅಲ್ವಾ?

ಫೈಲ್ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರಲಿ. ಕನ್ನಡದಲ್ಲಿಟ್ಟರೆ ‘ಮನೆ’ ಎಂಬ ಪುಟ್ಟ ಪದವೂ ವೆಬ್ ವಿಳಾಸದಲ್ಲಿ 27 ಚಿಹ್ನೆಗಳ ಸಾಲಾಗಿಬಿಡುತ್ತದೆ. ಆದರೆ ಚಿತ್ರದ ಜೊತೆ ಹೋಗುವ ವಿವರಣೆಯಾದ ಆಲ್ಟ್ ಟೆಕ್ಸ್ಟ್‌ನಲ್ಲಿ ಮಾತ್ರ ಚಿತ್ರದಲ್ಲಿ ಏನಿದೆ ಎಂದು ಕನ್ನಡದಲ್ಲೇ ಬರೆಯಿರಿ. ಕಣ್ಣು ಕಾಣದ ಓದುಗರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದು ಅದನ್ನೇ. ಇದನ್ನು ದಯವಿಟ್ಟು ಬಿಡಬೇಡಿ.

ಮನೆಯಲ್ಲಿ ತೆಗೆದ ಫೋಟೊ ಆದರೆ ಅದರೊಳಗೆ ಲೊಕೇಶನ್ ಅಡಗಿರಬಹುದು. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ. ಪ್ರಾಪರ್ಟೀಸ್‌ನ ಡೀಟೇಲ್ಸ್‌ಗೆ ಹೋಗಿ ತೆಗೆದುಹಾಕಿ.

ಆಮೇಲೆ ಇನ್ಸರ್ಟ್, ಪಿಕ್ಚರ್ ಒತ್ತಿ ಚಿತ್ರ ಸೇರಿಸಿ. ಆ ಹೊತ್ತಿಗೆ ಅದು ಇನ್ನೂ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ಕಳಿಸಿದಾಗಲೇ ಮೇಲೇರುವುದು. ಮೊದಲು ಚಿತ್ರಗಳು ಹೋಗುತ್ತವೆ. ಸರ್ವರ್ ಅವುಗಳ ವಿಳಾಸ ಕೊಡುತ್ತದೆ. ಆ ವಿಳಾಸ ಬರಹದೊಳಗೆ ಕೂತ ಮೇಲೆ ಬರಹ ಹೋಗುತ್ತದೆ.

ಹಾಗಾಗಿ ನೇರವಾಗಿ ಪ್ರಕಟಿಸದೆ ಡ್ರಾಫ್ಟ್ ಆಗಿ ಕಳಿಸಿ ನೋಡಿ. ಬ್ರೌಸರ್‌ನಲ್ಲಿ ಆ ಡ್ರಾಫ್ಟ್ ತೆರೆದು, ಚಿತ್ರವನ್ನು ಹೊಸ ಟ್ಯಾಬ್‌ನಲ್ಲಿ ತೆಗೆಯಿರಿ. ವಿಳಾಸ ನಿಮ್ಮ ಬ್ಲಾಗಿನದೇ ಆದರೆ ಸರಿ. ಬೇರೆ ಸೈಟ್‌ನದು ಕಂಡರೆ ಅಲ್ಲಿಂದ ಕಾಪಿ-ಪೇಸ್ಟ್ ಆಗಿ ಬಂದಿದೆ ಎಂದರ್ಥ. ಅವರು ಅಳಿಸಿದ ದಿನ ನಿಮ್ಮಲ್ಲೂ ಮಾಯವಾಗುತ್ತದೆ. ನಿಮ್ಮದೇ ಫೋಟೊ ಆದರೆ ಅದನ್ನು ಕಿತ್ತು, ಕಂಪ್ಯೂಟರ್‌ನಲ್ಲಿರುವ ಫೈಲ್‌ನಿಂದ ಮತ್ತೆ ಸೇರಿಸಿ. ಬೇರೆಯವರದಾದರೆ ಮೊದಲು ಅವರ ಅನುಮತಿ ಕೇಳಿ.