ಬಾಯ್ಲರ್‌ನ ನಲ್ಲಿ (ಟ್ಯಾಪ್) ಸೋರುವುದು ನಿಂತಿದ್ದು ಹೀಗೆ

ಮನೆಯಲ್ಲಿ ಕೊಂಬುಚಾಗೆ (ಹುದುಗು ಬರಿಸಿದ ಟೀ ಪಾನೀಯ) ಟೀ ಕುದಿಸೋಕೆ 20 ಲೀಟರ್‌ನ ಸ್ಟೀಲ್ ಎಲೆಕ್ಟ್ರಿಕ್ ಬಾಯ್ಲರ್ ಬಳಸುತ್ತೇನೆ. ತಣ್ಣೀರು ಇದ್ದಾಗ ಅದರ ಪ್ಲಾಸ್ಟಿಕ್ ಟ್ಯಾಪ್ ಸರಿ ಇರುತ್ತಿತ್ತು. ಕುದಿ ಬಂದರೆ ಸಾಕು, ಬುಡದಲ್ಲಿ ತೊಟ್ಟಿಕ್ಕುತ್ತಿತ್ತು.

ನಟ್ ಜಾಸ್ತಿ ಬಿಗಿ ಮಾಡಿದೆ, ತ್ರೆಡ್ (ತಿರುಪಿನ ಗೆರೆ) ಸೀಳಿತು. ಅದೇ ತರಹದ ಹೊಸ ನಲ್ಲಿ ಹಾಕಿದೆ, ಅದೂ ಹಾಗೇ. ಆಮೇಲೆ ಸ್ಟೀಲ್ ನಲ್ಲಿ ತಂದು ಬರೀ ಟೆಫ್ಲಾನ್ ಟೇಪ್ ಸುತ್ತಿದೆ. ಆಗಲೂ ಸೋರಿತು. ಬಾಯ್ಲರ್ ತಗಡು ತೆಳು, ಅದರ ತೂತಿನಲ್ಲಿ ತ್ರೆಡ್ಡೇ ಇಲ್ಲ. ಟೇಪ್ ಏನನ್ನು ಹಿಡಿಯಬೇಕು, ಅಲ್ವಾ?

ಬೆಂಗಳೂರಿನ ಎಸ್‌ಜೆಪಿ ರಸ್ತೆಯಿಂದ ಅರ್ಧ ಇಂಚಿನ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಾಲ್ ವಾಲ್ವ್ (ಹಿಡಿ ತಿರುಗಿಸಿ ತೆರೆಯುವ ನಲ್ಲಿ), ಹೆಕ್ಸ್ ನಿಪ್ಪಲ್ (ಎರಡೂ ತುದಿಗೆ ತ್ರೆಡ್, ನಡುವೆ ಷಟ್ಕೋನ ಇರುವ ಚಿಕ್ಕ ಕೊಳವೆ), ಲಾಕ್ ನಟ್, 3 ಮಿಮೀ ದಪ್ಪದ ಸಿಲಿಕಾನ್ ವಾಷರ್ ತಂದೆ. ಕರೆಂಟ್ ಪ್ಲಗ್ ಕಿತ್ತು, ಸ್ಟೆಪ್ ಡ್ರಿಲ್ಲಿನಿಂದ (ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಬಿಟ್) ತೂತನ್ನು 21 ಮಿಮೀಗೆ ಅಗಲ ಮಾಡಿದೆ. ನಿಧಾನ ಸ್ಪೀಡು, ಒಂದು ತೊಟ್ಟು ಕೊಬ್ಬರಿ ಎಣ್ಣೆ. ಅಂಚನ್ನು ಅರದಿಂದ ಉಜ್ಜಿ, ಬೆರಳಿಗೆ ತರಚದಷ್ಟು ನುಣುಪು ಮಾಡಿದೆ. ಇಲ್ಲದಿದ್ದರೆ ವಾಷರ್ ಕತ್ತರಿಸಿಹೋಗುತ್ತದೆ.

ಜೋಡಿಸುವ ಕ್ರಮವೇ ಮುಖ್ಯ. ಟೇಪ್ ಬೇಕಾಗುವುದು ವಾಲ್ವ್ ಮತ್ತು ನಿಪ್ಪಲ್ ನಡುವೆ ಮಾತ್ರ: ಗಡಿಯಾರದ ದಿಕ್ಕಿಗೆ ಆರು ಸುತ್ತು. ಹೊರಗಡೆ ನಿಪ್ಪಲ್ಲಿನ ಷಟ್ಕೋನ ಭಾಗಕ್ಕೆ ನೇರವಾಗಿ ತಾಗುವಂತೆ ಸಿಲಿಕಾನ್ ವಾಷರ್, ಆಮೇಲೆ ತಗಡು. ಒಳಗಡೆ ಸ್ಟೀಲ್ ವಾಷರ್, ಕೊನೆಗೆ ಲಾಕ್ ನಟ್. ಹೊರಗಿನ ಷಟ್ಕೋನವನ್ನು ಸ್ಪ್ಯಾನರ್‌ನಲ್ಲಿ ಹಿಡಿದು, ಒಳಗಿನ ನಟ್ ಮಾತ್ರ ತಿರುಗಿಸಿ. ಕೈಯಲ್ಲಿ ಬಿಗಿಯಾದ ಮೇಲೆ ಅರ್ಧ ಸುತ್ತು ಸಾಕು. ವಾಷರ್ ಹೊರಗೆ ಉಬ್ಬಿದರೆ ಜಾಸ್ತಿ ಆಯ್ತು ಅಂತ ಅರ್ಥ.

ಒಮ್ಮೆ ಕುದಿಸಿ, ಪೂರ್ತಿ ಆರಿದ ಮೇಲೆ ಕಾಲು ಸುತ್ತು ಇನ್ನೂ ತಿರುಗಿಸಿದೆ. ಆಮೇಲೆ ಅರ್ಧ ಗಂಟೆ ಕುದಿಸಿದರೂ ಕೆಳಗಿಟ್ಟ ಪೇಪರ್ ಒಣಗಿಯೇ ಇತ್ತು.