ಹಾಜರಿ ಪುಸ್ತಕದಿಂದ ಶುರು ಮಾಡಿ: ಹೈಸ್ಕೂಲಿನ ಜೊತೆಗಾರರನ್ನು ಮತ್ತೆ ಕೂಡಿಸುವುದು ಹೇಗೆ?

ನಮ್ಮ ಮೊದಲ ಪ್ರಯತ್ನ ಕೆಟ್ಟದ್ದು ಒಂದೇ ರಾತ್ರಿಯ ಅವಸರದಿಂದ. ಯಾರದೋ ಮೊಬೈಲಿನಲ್ಲಿದ್ದ ನಂಬರುಗಳನ್ನೆಲ್ಲ ಗುಡ್ಡೆ ಹಾಕಿ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಕಟ್ಟಿದೆವು. ಬೆಳಗಾಗುವಷ್ಟರಲ್ಲಿ ನಲವತ್ತು ಜನ. ಎರಡು ದಿನ ‘ಲೋ, ನೀನೇನೋ!’ ಎಂಬ ಸಂಭ್ರಮ. ಮೂರನೇ ದಿನದಿಂದ ಹೂವಿನ ಚಿತ್ರದ ಶುಭೋದಯ. ಎರಡನೇ ವಾರಕ್ಕೆ ರಾಜಕೀಯದ ಜಗಳ. ತಿಂಗಳು ತುಂಬುವುದರೊಳಗೆ ಹನ್ನೊಂದು ಜನ ಸದ್ದಿಲ್ಲದೆ ಎದ್ದುಹೋಗಿದ್ದರು. ‘ದೊಡ್ಡವರಾಗಿಬಿಟ್ಟಿದ್ದಾರೆ ಬಿಡು’ ಎಂದು ಹೋದವರನ್ನು ಆಡಿಕೊಂಡೆವು. ಅವರನ್ನು ಒಂದು ಮಾತೂ ಕೇಳದೆ ಎಳೆದು ತಂದವರು ನಾವು ಎನ್ನುವುದು ಹೊಳೆಯಲು ವರ್ಷವೇ ಬೇಕಾಯಿತು.

ಎರಡನೇ ಸಲ ಏಳು ತಿಂಗಳು ಹಿಡಿಯಿತು. ಒಬ್ಬೊಬ್ಬರನ್ನೇ ಮಾತಾಡಿಸಿ, ಗ್ರೂಪನ್ನು ಕೊನೆಗೆ ಮಾಡಿದೆವು. ಆ ಏಳು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ಪಟ್ಟಿ, ಅದಕ್ಕೂ ಮೊದಲು ಫೋಟೊ

ಒಂದು ನೋಟ್‌ಬುಕ್ ತೆಗೆದುಕೊಂಡು ಹಾಜರಿ ಪುಸ್ತಕದ ಹಾಗೆ ಗೆರೆ ಹೊಡೆಯಿರಿ. ಕ್ರಮಸಂಖ್ಯೆ, ಆಗಿನ ಹೆಸರು, ಈಗಿನ ಹೆಸರು, ಫೋನ್, ಯಾರ ಮೂಲಕ ಸಿಕ್ಕರು, ಏನಂದರು. ಕೊನೆಯ ಅಂಕಣ ದೊಡ್ಡದಾಗಿರಲಿ.

ಈಗ ಹೆಸರು ತುಂಬಲು ಕೂತರೆ ಹದಿನೈದು ಇಪ್ಪತ್ತಕ್ಕೆ ಪೆನ್ನು ನಿಲ್ಲುತ್ತದೆ. ಗಾಬರಿ ಬೇಡ, ಎಲ್ಲರದೂ ಅದೇ ಕಥೆ. 1975ರಲ್ಲಿ ಹ್ಯಾರಿ ಬಾರಿಕ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಅಮೆರಿಕದಲ್ಲಿ ಹೈಸ್ಕೂಲು ಮುಗಿಸಿದ 392 ಜನರನ್ನು ಇದೇ ವಿಷಯಕ್ಕೆ ಪರೀಕ್ಷಿಸಿದ್ದರು. ಅವರಲ್ಲಿ ಆಗಷ್ಟೇ ಶಾಲೆ ಬಿಟ್ಟವರೂ ಇದ್ದರು, ಬಿಟ್ಟು ಐವತ್ತು ವರ್ಷದ ಹತ್ತಿರ ಬಂದವರೂ ಇದ್ದರು. ಮುಖ ತೋರಿಸಿ ‘ಇವರು ನಿಮ್ಮ ತರಗತಿಯವರೇ?’ ಎಂದರೆ ಮೂವತ್ತೈದು ವರ್ಷ ಕಳೆದವರೂ ಹತ್ತಕ್ಕೆ ಒಂಬತ್ತನ್ನು ಸರಿಯಾಗಿ ಗುರುತಿಸಿದರು. ಏನನ್ನೂ ತೋರಿಸದೆ ‘ಹೆಸರು ಹೇಳಿ’ ಎಂದಾಗ ಮಾತ್ರ ಅವರೇ ತಡವರಿಸಿದರು, ವರ್ಷ ಹೆಚ್ಚಿದಷ್ಟೂ ಹೆಚ್ಚು.

ಆದ್ದರಿಂದ ತರಗತಿಯ ಗುಂಪು ಫೋಟೊ ಎಲ್ಲಿದ್ದರೂ ಮೊದಲು ಅದನ್ನು ಹುಡುಕಿ. ಸ್ಕ್ಯಾನ್ ಮಾಡುವಾಗ 600 ಡಿಪಿಐ (ಇಂಚಿಗೆ 600 ಚುಕ್ಕೆ) ಇಡಿ. ನಲವತ್ತು ಜನರಿರುವ ಚಿತ್ರದಲ್ಲಿ ಒಂದೊಂದು ಮುಖವೂ ಬೆರಳುಗುರಷ್ಟೇ ಇರುತ್ತದೆ, ದೊಡ್ಡದು ಮಾಡಿದಾಗ ಕಣ್ಣುಮೂಗು ಕಲಸಿಹೋಗಬಾರದು. ಆಲ್ಬಮ್ಮಿನ ಹಾಳೆಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ, ಹಾಳೆಯ ಸಮೇತ ಸ್ಕ್ಯಾನ್ ಮಾಡಿ. ಹಿಂಬದಿಯಲ್ಲಿ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್; ಬಾಲ್‌ಪೆನ್ನಿನ ಒತ್ತು ಮುಂದಿನ ಮುಖದ ಮೇಲೆ ಮೂಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಫೋಟೊದ ಹಾಗೆ ಕಳಿಸಿದರೆ ಆ್ಯಪ್ ಅದನ್ನು ಹಿಂಡಿ ಸಣ್ಣದು ಮಾಡುತ್ತದೆ.

ಪ್ರತಿ ಮುಖಕ್ಕೂ ಒಂದು ಅಂಕಿ ಕೊಡಿ. ‘ನಮ್ಮ ಕ್ಲಾಸಲ್ಲಿ ಯಾರ್‍ಯಾರು ಇದ್ದರು?’ ಎಂದು ಕೇಳುವ ಬದಲು ‘ಇಪ್ಪತ್ತಾರನೆಯವಳು ಯಾರು?’ ಎಂದು ಕೇಳಿ. ಉತ್ತರ ಬರುತ್ತದೆ, ಜೊತೆಗೆ ಒಂದು ಕಥೆಯೂ ಬರುತ್ತದೆ.

ಹಂತ 2: ಒಬ್ಬೊಬ್ಬರಾಗಿ

ನಿಜವಾದ ಕೆಲಸ ಇಲ್ಲಿದೆ, ಹೆಚ್ಚಿನವರು ಹಾರಿಸುವುದೂ ಇದನ್ನೇ. ನಂಬರ್ ಕೈಗೆ ಸಿಕ್ಕಿರುತ್ತದೆ, ಬೆರಳು ಏಳುವುದಿಲ್ಲ. ‘ಇಷ್ಟು ವರ್ಷ ಇಲ್ಲದ್ದು ಈಗೇನು ಎಂದುಕೊಂಡರೆ?’ ‘ಸಾಲ ಕೇಳಲು ಬಂದ ಎಂದುಕೊಂಡರೆ?’ ಈ ಹಿಂಜರಿಕೆ ನಿಮ್ಮೊಬ್ಬರದೇ ಅಂದುಕೊಳ್ಳಬೇಡಿ. ಲಾರಾ ಆ್ಯಕ್ನಿನ್ ಮತ್ತು ಜಿಲಿಯನ್ ಸ್ಯಾಂಡ್‌ಸ್ಟ್ರಮ್ ಎಂಬ ಸಂಶೋಧಕಿಯರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಗೆಳೆಯರ ವಿಳಾಸ ಕೈಯಲ್ಲಿದ್ದು, ಬರೆಯಲು ಸಮಯವನ್ನೂ ಕೊಟ್ಟಿದ್ದರೂ, ಸಂದೇಶ ಕಳಿಸಿದವರು ಮೂರರಲ್ಲಿ ಒಬ್ಬರೂ ಇರಲಿಲ್ಲ. ಅವರು ಕಂಡುಕೊಂಡ ಮದ್ದು ತೀರಾ ಸರಳ: ಮೊದಲು ಮೂರು ನಿಮಿಷ ಈಗಿನ ಗೆಳೆಯರಿಗೆ ನಾಲ್ಕು ಮೆಸೇಜು ಕಳಿಸುವುದು, ಆ ಬಿಸಿಯಲ್ಲೇ ಹಳಬರಿಗೆ ಬರೆಯುವುದು. ಹಾಗೆ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಳಿಸಿದರಂತೆ. ನಾನು ಮಾಡಿ ನೋಡಿದ್ದೇನೆ, ಕೈ ಸಡಿಲವಾಗುವುದು ಹೌದು.

ಮೊದಲ ಸಂದೇಶ ಚಿಕ್ಕದಿರಲಿ: ನಿಮ್ಮ ಪೂರ್ತಿ ಹೆಸರು, ಎಷ್ಟನೇ ಇಸವಿಯ ತರಗತಿ, ಎಲ್ಲಿ ಕೂರುತ್ತಿದ್ದಿರಿ, ನಂಬರ್ ಯಾರು ಕೊಟ್ಟರು. ಆಮೇಲೆ ಅವರಿಗೆ ಮಾತ್ರ ಸೇರಿದ ಒಂದು ನೆನಪು. ‘ಕಂಪಾಸ್ ಬಾಕ್ಸಿನಲ್ಲಿ ಯಾವಾಗಲೂ ಎರಡು ಎರೇಸರ್ ಇರುತ್ತಿತ್ತು, ಒಂದು ನನಗೋಸ್ಕರ’ ಎಂದು ಬರೆದರೆ ಸಾಕು, ಸಾಲ ಕೇಳುವವನಲ್ಲ ಎಂದು ತಿಳಿದುಹೋಗುತ್ತದೆ. ‘ನಾನು ಯಾರು ಹೇಳು ನೋಡೋಣ’ ಎಂಬ ಒಗಟು ದಯವಿಟ್ಟು ಬೇಡ. ಹೆಸರು ಹೊಳೆಯದ ಮನುಷ್ಯನನ್ನು ಫೋನಿನ ಆ ತುದಿಯಲ್ಲಿ ಒದ್ದಾಡಿಸಿ ಸಿಗುವ ಸುಖವೇನು?

ಇನ್ನು ನೀನೋ ನೀವೋ ಎಂಬ ಕಗ್ಗಂಟು. ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗಿದವನನ್ನು ‘ನೀವು’ ಎಂದರೆ ದೂರ ತಳ್ಳಿದ ಹಾಗೆ; ಓದುವ ಕಾಲದಲ್ಲಿ ಒಂದು ಮಾತೂ ಆಡದ ಸಹಪಾಠಿಯನ್ನು ಇದ್ದಕ್ಕಿದ್ದಂತೆ ‘ಏನೇ’ ಎಂದರೆ ಉದ್ಧಟತನ. ಕನ್ನಡದಲ್ಲಿ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುವುದರಿಂದ ತಪ್ಪಿಸಿಕೊಳ್ಳುವುದೂ ಕಷ್ಟ. ನಾನು ಕಂಡುಕೊಂಡ ಉಪಾಯ, ಮೊದಲ ನಾಲ್ಕು ಸಾಲು ಎರಡಕ್ಕೂ ಸಲ್ಲುವ ಮಾತಲ್ಲೇ ಬರೆಯುವುದು: ‘ನೆನಪಿದೆಯಾ?’, ‘ಹೇಗಿದೆ ಜೀವನ?’, ‘ಮನೆಯಲ್ಲೆಲ್ಲ ಆರಾಮಾ?’ ಅವರು ಯಾವುದರಲ್ಲಿ ಉತ್ತರಿಸುತ್ತಾರೋ ಅದರಲ್ಲೇ ಮುಂದುವರಿಯಿರಿ. ಬಹುವಚನದಲ್ಲಿ ಶುರುವಾದ ಫೋನು ಹತ್ತನೇ ನಿಮಿಷಕ್ಕೆ ‘ಹೋಗೋಲೇ’ಗೆ ಇಳಿದದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಇಳಿಯದಿದ್ದರೂ ಪರವಾಗಿಲ್ಲ. ಎತ್ತರದ ಹುದ್ದೆಗೇರಿದವನನ್ನು ನಾಲ್ಕು ಜನರ ಮುಂದೆ ಬೇಕೆಂದೇ ಏಕವಚನದಲ್ಲಿ ಕೂಗಿ ಸಲಿಗೆ ಮೆರೆಯುವವರೂ ಇರುತ್ತಾರೆ, ಅದು ಬೇರೆ ರೋಗ.

ಉತ್ತರ ಬರದಿದ್ದರೆ ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಕೇಳಿ. ಮೂರನೇ ಸಲ ಬೇಡ. ಬರಲೊಲ್ಲದವರಿಗೆ ಅವರದೇ ಕಾರಣಗಳಿರುತ್ತವೆ.

ಹಂತ 3: ಸಿಗದವರನ್ನು ಹುಡುಕುವುದು

ಮದುವೆಯ ನಂತರ ಹೆಸರು ಬದಲಾದ ಗೆಳತಿಯರನ್ನು ಹುಡುಕುವುದೇ ಕಷ್ಟ. ಫೇಸ್‌ಬುಕ್ಕಿನಲ್ಲಿ ಹಳೆಯ ಹೆಸರಿಗೆ ಸಿಗದಿದ್ದರೆ ಅಣ್ಣ ತಮ್ಮಂದಿರ ಹೆಸರಿನಲ್ಲಿ ಹುಡುಕಿ. ಗಂಡುಮಕ್ಕಳ ಹೆಸರು ಸಾಮಾನ್ಯವಾಗಿ ಇದ್ದಂತೆಯೇ ಇರುತ್ತದೆ. ಅಂಥ ಗೆಳತಿಗೆ ಮೊದಲ ಕರೆ ಇನ್ನೊಬ್ಬ ಗೆಳತಿಯಿಂದಲೇ ಹೋಗಲಿ. ‘ಇವರು ಎಲ್ಲಿದ್ದಾರೆ ಹುಡುಕಿಕೊಡಿ’ ಎಂದು ಯಾರದೇ ಫೋಟೊವನ್ನು ಬಯಲಿಗೆ ಹಾಕಬೇಡಿ. ಬೇಕೆಂದೇ ಹಳೆಯದನ್ನೆಲ್ಲ ಬಿಟ್ಟು ಹೋದವರೂ ಇರಬಹುದು.

ಒಂದು ಎಚ್ಚರಿಕೆ. ಹಳೆಯ ಗೆಳೆಯನ ಹೆಸರು, ಫೋಟೊ ಇಟ್ಟುಕೊಂಡು ‘ತುರ್ತಾಗಿ ಸ್ವಲ್ಪ ಹಣ ಬೇಕಿತ್ತು’ ಎನ್ನುವ ನಕಲಿ ಖಾತೆಗಳು ಹೇರಳ. ನಿಮ್ಮ ತರಗತಿಯಲ್ಲಿ ಕೂತವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಕೇಳಿ. ಗಣಿತದ ಮೇಷ್ಟ್ರಿಗೆ ಇಟ್ಟಿದ್ದ ಹೆಸರು ಯಾವ ಕಳ್ಳನಿಗೂ ಗೊತ್ತಿರುವುದಿಲ್ಲ.

ಹುಡುಕುತ್ತ ಹೋದಂತೆ ಕೆಲವರು ತೀರಿಕೊಂಡ ಸುದ್ದಿಯೂ ಬರುತ್ತದೆ. ಅದನ್ನು ಗ್ರೂಪಿನಲ್ಲಿ ಒಂದು ಸಾಲಾಗಿ ಎಸೆಯಬೇಡಿ. ಆ ವ್ಯಕ್ತಿಗೆ ಹತ್ತಿರವಿದ್ದ ಇಬ್ಬರು ಮೂವರಿಗೆ ಮೊದಲು ಫೋನಿನಲ್ಲಿ ಹೇಳಿ. ಪಟ್ಟಿಯಿಂದ ಹೆಸರು ಹೊಡೆದು ಹಾಕಬೇಡಿ. ಕ್ರಮಸಂಖ್ಯೆ ಹಾಗೇ ಇರಲಿ.

ಹಂತ 4: ಈಗ ಗ್ರೂಪ್

ಅರ್ಧದಷ್ಟು ಜನರ ಒಪ್ಪಿಗೆ ಸಿಕ್ಕ ಮೇಲೆ ಗ್ರೂಪ್ ಮಾಡಿ. ನೇರವಾಗಿ ಸೇರಿಸುವ ಬದಲು ಲಿಂಕ್ ಕಳಿಸಿದರೆ ಬರುವುದು ಬಿಡುವುದು ಅವರ ಕೈಯಲ್ಲಿರುತ್ತದೆ. ಗ್ರೂಪಿಗೆ ಬಂದ ಕೂಡಲೇ ಅವರ ನಂಬರ್ ಎಲ್ಲರಿಗೂ ಕಾಣುತ್ತದೆ ಎನ್ನುವುದನ್ನು ಮೊದಲೇ ಹೇಳಿಬಿಡಿ. ನಿಯಮ ಮೂರೇ ಸಾಕು: ಫಾರ್ವರ್ಡ್ ಬೇಡ, ವ್ಯಾಪಾರ ಬೇಡ, ರಾಜಕೀಯ ಬೇಡ. ಅಡ್ಮಿನ್ ಇಬ್ಬರಿರಲಿ, ಒಬ್ಬರು ಮುಂದಿನ ಬೆಂಚಿನವರು, ಒಬ್ಬರು ಹಿಂದಿನ ಬೆಂಚಿನವರು.

ಹಂತ 5: ಕೂಡಿ ನೆನೆಯುವ ಮುಂಚೆ ಒಬ್ಬೊಬ್ಬರೇ ಬರೆಯಿರಿ

ಎಲ್ಲರೂ ಸುತ್ತ ಕೂತು ನೆನೆದರೆ ಹೆಚ್ಚು ನೆನಪಾಗುತ್ತದೆ ಎಂದುಕೊಂಡಿದ್ದೆ. ನೆನಪಿನ ಬಗ್ಗೆ ಸಂಶೋಧನೆ ಮಾಡುವವರು ಹೇಳುವುದು ಬೇರೆ. ನಾಲ್ಕು ಜನ ಒಟ್ಟಿಗೆ ಕೂತು ನೆನೆದದ್ದಕ್ಕಿಂತ, ಅದೇ ನಾಲ್ವರು ಬೇರೆ ಬೇರೆ ಕೂತು ಬರೆದದ್ದನ್ನು ಕೂಡಿಸಿದರೆ ಹೆಚ್ಚು ಸಂಗತಿಗಳು ಸಿಗುತ್ತವೆ. ಒಬ್ಬ ಜೋರಾಗಿ ಶುರು ಮಾಡುತ್ತಾನೆ, ಉಳಿದವರ ಯೋಚನೆಯ ಎಳೆ ತುಂಡಾಗುತ್ತದೆ. ಪ್ರತಿ ತರಗತಿಗೂ ಅಂಥ ಒಬ್ಬ ಮಾತುಗಾರ ಇದ್ದೇ ಇರುತ್ತಾನಲ್ಲ!

ಆದ್ದರಿಂದ ಭೇಟಿಗೆ ಒಂದು ತಿಂಗಳ ಮೊದಲು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ನಾಲ್ಕು ಪ್ರಶ್ನೆ ಕಳಿಸಿ. ನಿನ್ನ ಜಾಗದಿಂದ ಬೋರ್ಡ್ ಹೇಗೆ ಕಾಣುತ್ತಿತ್ತು? ಯಾವ ದಿನ ಶಾಲೆಗೆ ಬರಲು ಭಯವಾಗಿತ್ತು? ಯಾರ ನೋಟ್ಸ್ ನೋಡಿ ಬರೆದೆ? ಯಾರಿಗೂ ಹೇಳದ ಒಂದು ಸಂಗತಿ ಯಾವುದು? ಉತ್ತರಗಳನ್ನು ಒಂದೇ ಕಡೆ ಜೋಡಿಸಿ ಭೇಟಿಯ ದಿನವೇ ತೆರೆಯಿರಿ.

ನಲವತ್ತು ದಾಟಿದವರನ್ನು ಬದುಕಿನ ನೆನಪು ಕೇಳಿದರೆ ಸುಮಾರು 10ರಿಂದ 30ರ ವಯಸ್ಸಿನ ಸಂಗತಿಗಳು ಲೆಕ್ಕಕ್ಕೆ ಮೀರಿ ಬರುತ್ತವೆ, ಹೈಸ್ಕೂಲಿನ ದಿನಗಳೂ ಆ ವಯಸ್ಸಿನೊಳಗೇ ಬರುತ್ತವೆ. ನಮ್ಮಲ್ಲೂ ಬರವಣಿಗೆ ರಾಶಿ ಬಂತು. ಕಿಟಕಿಯ ಗಾಜು ಒಡೆದ ಪ್ರಸಂಗವನ್ನು ಐವರು ಬರೆದಿದ್ದರು, ಐವರಲ್ಲಿ ಮೂವರು ತಾವೇ ಒಡೆದದ್ದು ಎಂದಿದ್ದರು. ಹೊಡೆತ ತಿಂದವನು ಮಾತ್ರ ಆ ವಿಷಯವನ್ನೇ ಎತ್ತಿರಲಿಲ್ಲ. ಯಾರದು ನಿಜ ಎಂದು ತೀರ್ಪು ಕೊಡಲು ಹೋಗದೆ ಐದನ್ನೂ ಹಾಗೇ ಇಟ್ಟೆವು.

ಹಂತ 6: ಭೇಟಿಯ ದಿನ

ದಿನಾಂಕವನ್ನು ಗ್ರೂಪಿನ ಪೋಲ್‌ನಲ್ಲಿ ಮೂರು ಆಯ್ಕೆ ಕೊಟ್ಟು ಗೊತ್ತು ಮಾಡಿ, ಆಮೇಲೆ ಬದಲಿಸಬೇಡಿ. ಹಣದ ಲೆಕ್ಕ ಇಬ್ಬರ ಕೈಯಲ್ಲಿರಲಿ. ಕೊಡಲು ಕಷ್ಟವಿರುವವರು ಅಡ್ಮಿನ್‌ಗೆ ಮಾತ್ರ ಹೇಳಿದರೆ ಸಾಕು ಎಂಬ ಏರ್ಪಾಡಿರಲಿ. ಮೊದಲ ಸಲ ಗಂಡ, ಹೆಂಡತಿ, ಮಕ್ಕಳು ಬೇಡ ಎನ್ನುವುದು ನನ್ನ ಹಟ. ಅವರು ಬಂದರೆ ನಾವು ಅಪ್ಪ ಅಮ್ಮಂದಿರಾಗಿಯೇ ಕೂರುತ್ತೇವೆ.

ವೇದಿಕೆ, ಮೈಕು, ಸನ್ಮಾನ ಯಾವುದೂ ಬೇಡ. ಅರವತ್ತು ಜನ ತಲಾ ಮೂರು ನಿಮಿಷ ಪರಿಚಯ ಹೇಳಿಕೊಂಡರೆ ಅದಕ್ಕೇ ಮೂರು ಗಂಟೆ ಹೋಯಿತು. ಅದರ ಬದಲು ಹಾಜರಿ ಕೂಗಿಸಿ. ಮೇಷ್ಟ್ರು ಬಂದಿದ್ದರೆ ಅವರೇ ಕೂಗಲಿ, ಹಳೆಯ ಹೆಸರಿನಲ್ಲಿ, ಹಳೆಯ ಕ್ರಮದಲ್ಲಿ. ತೀರಿಕೊಂಡವರ ಹೆಸರೂ ಅದರ ಸಂಖ್ಯೆ ಬಂದಾಗ ಬರಲಿ. ಎದೆಯ ಮೇಲಿನ ಚೀಟಿಯಲ್ಲಿ ಹೆಸರು ಮಾತ್ರ ಇರಲಿ, ಹುದ್ದೆ ಬೇಡ. ಅಕ್ಷರ ದಪ್ಪಗಿರಲಿ, ಎಲ್ಲರಿಗೂ ಈಗ ಕನ್ನಡಕ ಬಂದಿದೆ.

ಮೇಷ್ಟ್ರುಗಳ ಮುಂದೆ ನಿಂತು ‘ನನ್ನ ಗುರುತು ಸಿಕ್ಕಿತಾ ಸಾರ್?’ ಎಂದು ಕಾಡಬೇಡಿ. ನಮಗೆ ಅವರು ಒಬ್ಬರು. ಅವರಿಗೆ ನಮ್ಮಂಥವರು ಸಾವಿರಗಟ್ಟಲೆ. ಹೆಸರು, ವರ್ಷ ಹೇಳಿ ಪಕ್ಕದಲ್ಲಿ ಕೂತುಕೊಳ್ಳಿ.

ಹಂತ 7: ಹಳೆಯ ಗಾಯ

ತರಗತಿಯ ನೆನಪು ಎಲ್ಲರಿಗೂ ಸಿಹಿಯಾಗಿರುವುದಿಲ್ಲ. ತೊದಲುತ್ತಿದ್ದ ಹುಡುಗನೊಬ್ಬನಿಗೆ ಅಡ್ಡಹೆಸರು ಕಟ್ಟಿದವನು ನಾನು. ಎಲ್ಲರೂ ಅದನ್ನೇ ಹಿಡಿದರು. ನನಗೆ ಅದು ಮರೆತೇಹೋಗಿತ್ತು. ಮೊದಲ ಗ್ರೂಪಿನಲ್ಲಿ ಯಾರೋ ಆ ಹೆಸರಿನಿಂದ ಅವನನ್ನು ಕರೆದರು, ಅವನು ಹನ್ನೊಂದು ಜನರಲ್ಲಿ ಮೊದಲನೆಯವನಾಗಿ ಹೊರಟುಹೋದ.

ಕ್ಷಮೆ ಕೇಳುವುದಿದ್ದರೆ ಭೇಟಿಯ ದಿನದವರೆಗೆ ಕಾಯಬೇಡಿ. ಎಲ್ಲರ ಎದುರು ಕೇಳಿದರೆ ಅವರು ‘ಪರವಾಗಿಲ್ಲ’ ಎನ್ನಲೇಬೇಕಾಗುತ್ತದೆ. ಒಬ್ಬರೇ ಇದ್ದಾಗ ಫೋನ್ ಮಾಡಿ, ಮಾಡಿದ್ದನ್ನು ಮಾಡಿದೆ ಎಂದು ಹೇಳಿ. ‘ಆಗ ಚಿಕ್ಕವರು, ಏನು ಗೊತ್ತಿತ್ತು’ ಎಂಬ ಬಾಲ ಸೇರಿಸಬೇಡಿ. ನಾನು ಹೇಳಿ ಮುಗಿಸಿದಾಗ ಆ ಕಡೆ ತುಂಬ ಹೊತ್ತು ಮಾತಿರಲಿಲ್ಲ. ಆಮೇಲೆ ‘ಆಯ್ತು’ ಎಂದ. ಭೇಟಿಗೆ ಬರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಅಂಕಣದಲ್ಲಿ ಅವನ ಹೆಸರಿನ ಮುಂದೆ ‘ಬರುವುದಿಲ್ಲ, ಮತ್ತೆ ಕೇಳಬೇಡಿ’ ಎಂದು ಬರೆದಿದ್ದೇನೆ.

ಹಂತ 8: ಮಾರನೇ ವಾರ

ಭೇಟಿಯ ಗುಂಗು ನಾಲ್ಕು ದಿನ ಇರುತ್ತದೆ. ಅಷ್ಟರೊಳಗೆ ಫೋಟೊಗಳನ್ನು ಒಂದೇ ಕಡೆ ಹಾಕಿ, ಲೆಕ್ಕ ಒಪ್ಪಿಸಿ, ಬಾರದವರಿಗೆ ಒಂದೊಂದು ಫೋನ್ ಮಾಡಿ. ಮುಂದಿನ ಭೇಟಿಯ ಉಸಾಬರಿ ಬೇರೆ ಇಬ್ಬರಿಗೆ ವಹಿಸಿ, ಇಲ್ಲವಾದರೆ ಅದು ನಿಮ್ಮ ತಲೆಗೇ ಕಟ್ಟುತ್ತದೆ.

ನಮ್ಮ ಪಟ್ಟಿಯಲ್ಲಿ ಇನ್ನೂ ಮೂರು ಸಾಲು ಖಾಲಿ ಇವೆ. ಅದರಲ್ಲಿ ಒಂದು, ಫೋಟೊದ ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯ ಹುಡುಗಿಯದು. ನಡುವರ್ಷದಲ್ಲಿ ಬಂದು ಸೇರಿದವಳು. ಮುಖ ಎಲ್ಲರಿಗೂ ಗೊತ್ತು, ಹೆಸರು ಒಬ್ಬರಿಗೂ ಬರುತ್ತಿಲ್ಲ. ಮೊನ್ನೆ ಗೆಳತಿಯೊಬ್ಬಳಿಗೆ ಆ ಹುಡುಗಿಯ ಅಕ್ಕನ ಹೆಸರು ನೆನಪಾಯಿತಂತೆ. ಅಕ್ಕನ ನಂಬರ್ ಹುಡುಕಿಸಿ ಇಟ್ಟುಕೊಂಡಿದ್ದೇನೆ, ನಾಳೆ ಸಂಜೆ ಆ ಗೆಳತಿಯ ಕೈಯಲ್ಲೇ ಫೋನ್ ಮಾಡಿಸಬೇಕು.