ಲ್ಯಾಟೆಕ್ಸ್ ಹಾಸಿಗೆ: ಮೈತೂಕಕ್ಕೆ ಅಡಿಪದರ, ಮಗ್ಗುಲಿಗೆ ಮೇಲ್ಪದರ

ಮಲೆನಾಡಿನ ಥಂಡಿಗೆ ಲ್ಯಾಟೆಕ್ಸ್, ಅಂದರೆ ರಬ್ಬರ್ ಹಾಲಿನ ಫೋಮಿನ ಹಾಸಿಗೆ ಆಗಿಬರೋದಿಲ್ಲ, ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತೆ ಅಂತ ಹೇಳಿದವರು ಹಾಸಿಗೆ ಕಟ್ಟುವ ನಮ್ಮ ಕಸುಬಿನವರೇ. ಈಗ ನಾಲ್ಕು ಮಳೆಗಾಲ ದಾಟಿದೆ. ತೀರ್ಥಹಳ್ಳಿ, ಹೊಸನಗರದ ಕಡೆಗೆ ಕಟ್ಟಿಕೊಟ್ಟ ಇಪ್ಪತ್ತು ಇಪ್ಪತ್ತೈದು ಹಾಸಿಗೆಗಳಲ್ಲಿ ವಾಪಸ್ ಬಂದದ್ದು ಮೂರು, ಮೂರೂ ಮೊದಲ ವರ್ಷದವು. ಹೋದ ದುಡ್ಡು ಹತ್ತಿರ ಹತ್ತಿರ 40 ಸಾವಿರ.

ಎರಡರ ತಪ್ಪು ಒಂದೇ. ‘ಮೀಡಿಯಂ’ ಅನ್ನೋ ಚೀಟಿ ನಂಬಿ 6 ಇಂಚಿನ ಇಡೀ ತುಂಡನ್ನು ಕವರಿಗೆ ತುಂಬಿದ್ದು. 90 ಕೆಜಿ ತೂಗುವವರಿಗೆ ಸೊಂಟ ಕುಸಿಯಿತು, 48 ಕೆಜಿಯವರಿಗೆ ಭುಜ ಜೋಮು ಹಿಡಿಯಿತು. ಎರಡೂ ಒಂದೇ ಲಾಟಿನ ಮಾಲು! ಅಲ್ಲಿಂದ ಹಿಡಿದ ಲೆಕ್ಕ ಇಷ್ಟೇ: ಮೈತೂಕ ನೋಡಿ ಅಡಿಪದರ, ಮಲಗುವ ರೀತಿ ನೋಡಿ ಮೇಲ್ಪದರ.

ಅಡಿಗೆ 4 ಇಂಚು ಡನ್‌ಲಪ್ ಪದ್ಧತಿಯದು, ಅಂದರೆ ರಬ್ಬರ್ ಹಾಲಿಗೆ ನೊರೆ ಬರಿಸಿ ಅಚ್ಚಿಗೆ ಸುರಿದು ಬೇಯಿಸಿದ್ದು. 55 ಕೆಜಿಯ ಒಳಗಿನವರಿಗೆ 75 ಡೆನ್ಸಿಟಿ (ಒಂದು ಘನ ಮೀಟರಿಗೆ ಇಷ್ಟು ಕೆಜಿ ಅನ್ನೋ ಲೆಕ್ಕ), 80ರವರೆಗೆ 85, ಅದಕ್ಕೂ ಮೇಲಿನವರಿಗೆ 95. ತೀರಾ ಭಾರದ ಮೈಯಾದರೆ 4ರ ಜಾಗದಲ್ಲಿ 5 ಇಂಚು. ಮೇಲಕ್ಕೆ, ಮಗ್ಗುಲಾಗಿ ಮಲಗುವವರಿಗೆ 65ರ 2 ಇಂಚು, ಭುಜ ಅಗಲ ಇದ್ದರೆ 3. ಅಂಗಾತ ಮಲಗುವವರಿಗೆ 75ರ 2 ಇಂಚು ಸಾಕು. ಬೋರಲು ಮಲಗುವವರಿಗೆ 1 ಇಂಚಿಗಿಂತ ಹೆಚ್ಚು ಕೊಡಬೇಡಿ, ಹೊಟ್ಟೆಯ ಭಾಗ ಇಳಿದು ಬೆನ್ನು ಬಿಲ್ಲಾಗುತ್ತದೆ. ‘ಹೇಗೆ ಮಲಗ್ತೀರಿ’ ಅಂತ ಕೇಳಿದರೆ ಎಲ್ಲರೂ ಅಂಗಾತ ಅಂತಲೇ ಹೇಳೋದು. ಬೆಳಿಗ್ಗೆ ಎದ್ದಾಗ ಹೇಗಿರ್ತೀರಿ ಅಂತ ಕೇಳಿ.

ಚೀಟಿಯ ಡೆನ್ಸಿಟಿಯನ್ನು ಕಾಟಾ ಮೇಲೆ ಇಟ್ಟೇ ನಂಬಬೇಕು. 72×36×6 ಇಂಚಿನ ತುಂಡು 85ರದ್ದಾದರೆ 21-22 ಕೆಜಿ ತೂಗಬೇಕು, 65ರದ್ದಾದರೆ ಹದಿನಾರೂವರೆ. 8-10 ಕೆಜಿ ಬಂತೋ, ಅದು ಪಿಯು ಫೋಮು, ಅಂದರೆ ಮಾಮೂಲಿ ಪಾಲಿಯುರೆಥೇನ್ ಸ್ಪಂಜು. ಮೇಲೆ ಏನು ಬರೆದಿದ್ದರೂ ಅಷ್ಟೇ, ಲ್ಯಾಟೆಕ್ಸಿನ ಹಾಗೆ ಸೂಜಿತೂತು ಇದ್ದರೂ ಅಷ್ಟೇ. ತೂಕ ಸರಿ ಇದ್ದ ಮಾತ್ರಕ್ಕೆ ಮಾಲು ಸರಿ ಅಂತಲೂ ಅಲ್ಲ, ಸೀಮೆಸುಣ್ಣದಂಥ ಪುಡಿ ಬೆರೆಸಿ ತೂಕ ಏರಿಸಿದ್ದೂ ಬರುತ್ತದೆ. ಮೂಲೆಯ ಚೂರನ್ನು ಎಳೆದು ನೋಡಿ. ಒಳ್ಳೆಯದು ಉದ್ದಕ್ಕೆ ಹಿಗ್ಗಿ ವಾಪಸ್ ಬರುತ್ತದೆ, ಪುಡಿ ತುಂಬಿದ್ದು ಗಕ್ಕನೆ ಹರಿದು ಬೆರಳಿಗೆ ಬಿಳಿ ಹತ್ತುತ್ತದೆ. ಸುಟ್ಟು ನೋಡೋ ಪರೀಕ್ಷೆ ದಂಡ, ಸಿಂಥೆಟಿಕ್ ಲ್ಯಾಟೆಕ್ಸ್ ಕೂಡ ಅದೇ ಕರಿ ಹೊಗೆ ಕೊಡುತ್ತದೆ.

ಇನ್ನು ಮೆದು, ಗಟ್ಟಿ ಅಳೆಯೋದು. ಕಾರ್ಖಾನೆಯವರು ಐಎಲ್‌ಡಿ ಅಂತ ಹೇಳೋದನ್ನು, ಅಂದರೆ ಫೋಮು ಕಾಲು ಭಾಗ ಇಳಿಯಲು ಎಷ್ಟು ಭಾರ ಬೇಕು ಅನ್ನೋ ಅಳತೆಯನ್ನು, ನೆಲದ ಮೇಲೇ ಮಾಡಬಹುದು. 8 ಇಂಚು ವ್ಯಾಸದ ದುಂಡು ಪ್ಲೈವುಡ್ ಕತ್ತರಿಸಿ ಅಂಚು ಉಜ್ಜಿ. 4 ಇಂಚಿನ ತುಂಡಿನ ಮೇಲಿಟ್ಟು ಎರಡು ಸಲ ಒತ್ತಿ ಬಿಡಿ, ಆಮೇಲೆ ಒಂದೊಂದೇ ಬಟ್ಟು ಏರಿಸಿ. ಪಕ್ಕಕ್ಕೆ ಅಡ್ಡ ರೀಪು ಇಟ್ಟು ಅಳೆಯಿರಿ. ಸರಿಯಾಗಿ 1 ಇಂಚು ಇಳಿದು ಒಂದು ನಿಮಿಷ ನಿಂತಾಗ ಪ್ಲೈವುಡ್ಡಿನದ್ದೂ ಸೇರಿ ಎಷ್ಟು ಕೆಜಿ ಆಯಿತು? 8ರ ಆಸುಪಾಸು ಮೆದು, 12 ಮಧ್ಯಮ, 15 ದಾಟಿದರೆ ಗಟ್ಟಿ. ಒಂದು ಲಾಟಿನಲ್ಲಿ ‘ಫರ್ಮ್’ ಅಂತ ಬಂದದ್ದು 11ಕ್ಕೇ ಇಳಿಯಿತು, ಮಾಲು ವಾಪಸ್ ಹೋಯಿತು. ತುಂಡನ್ನು ಮಗುಚಿ ಇನ್ನೊಂದು ಸಲ ಅಳೆಯಿರಿ. ಡನ್‌ಲಪ್‌ನಲ್ಲಿ ಅಚ್ಚಿನ ತಳಕ್ಕೆ ಭಾರದ ಕಣ ಕೂತು ಆ ಮುಖ ಒಂದು ಕೈ ಗಟ್ಟಿ ಇರುತ್ತದೆ. ಅದಕ್ಕೆ ಪೆನ್ನಿನಲ್ಲಿ ಗುರುತು ಹಾಕಿ ಕೆಳಗೆ ಮಾಡಿ. ಅಚ್ಚಿನಲ್ಲಿ ಉಬ್ಬಿಸಿ ಹೆಪ್ಪುಗಟ್ಟಿಸಿ ಬೇಯಿಸುವ ಟಲಾಲೆ ಪದ್ಧತಿಯದಕ್ಕೆ ಈ ಕಾಟ ಇಲ್ಲ, ಅದರ ದರ ಮಾತ್ರ ನಮ್ಮ ಗಿರಾಕಿಗೆ ಎಟುಕೋದಲ್ಲ.

ಮೈಗೆ ಹೊಂದಿತೋ ಇಲ್ಲವೋ ಅಂತ ನೋಡೋದಕ್ಕೆ ಸ್ಟಿಕರ್ ಬಿಂದಿ ಸಾಕು. ಕತ್ತಿನ ಬುಡ, ಭುಜದ ಎಲುಬುಗಳ ನಡು, ಸೊಂಟ, ಬಾಲದ ಮೂಳೆ, ಹೀಗೆ ನಾಲ್ಕು ಕಡೆ ತೆಳು ಅಂಗಿಯ ಮೇಲೆ ಅಂಟಿಸಿ, ಕವರ್ ಇಲ್ಲದ ಪದರಗಳ ಮೇಲೆ ಮಗ್ಗುಲಾಗಿ ಮಲಗಿಸಿ. ಕಾಲು ಗಂಟೆ ಬಿಟ್ಟು ಹಿಂದಿನಿಂದ ಮೊಬೈಲಿನಲ್ಲಿ ಫೋಟೋ. ನಾಲ್ಕೂ ಒಂದು ಗೆರೆಗೆ ಬರಬೇಕು. ಭುಜದ ಎಲುಬುಗಳ ನಡುವಿನದು ಮೇಲೆದ್ದಿದ್ದರೆ ಭುಜ ಇಳಿಯುತ್ತಿಲ್ಲ, ಮೇಲ್ಪದರ ಹೆಚ್ಚಿಸಿ. ಸೊಂಟದ ಕಡೆಯವೆರಡು ಜೋತಿದ್ದರೆ ಅಡಿಪದರ ಸಾಲದು. ಅಂಗಾತ ಮಲಗುವವರಾದರೆ ಸೊಂಟದಡಿ ಅಂಗೈ ತೂರಿಸಿ ನೋಡಿ. ಸಲೀಸಾಗಿ ಹೋಗಿ ಬಂದರೆ ಗಟ್ಟಿ, ತೂರೋದೇ ಇಲ್ಲ ಅಂದರೆ ಮೆದು. ದಿಂಬು ಅವರದ್ದೇ ತರಿಸಿ, ಇಲ್ಲದಿದ್ದರೆ ಕತ್ತಿನ ಬಿಂದಿ ಸುಳ್ಳು ಹೇಳುತ್ತದೆ.

ಗಂಡ ಹೆಂಡತಿಯ ತೂಕದಲ್ಲಿ 30 ಕೆಜಿ ಅಂತರ ಇದ್ದರೆ ಮೇಲ್ಪದರವನ್ನಷ್ಟೇ ನಡುವೆ ಸೀಳಿ ಬೇರೆ ಬೇರೆ ಹಾಕುತ್ತೇವೆ. ಅಂತರ ಅದಕ್ಕೂ ಮೇಲಾದರೆ ಅಡಿಯನ್ನೂ ಸೀಳಿ. ಕತ್ತರಿಸುವಾಗ ಬ್ಲೇಡಿಗೆ ಸೋಪುನೀರು ಬೇಕೇ ಬೇಕು. ನೀರಿಗೆ ನಾವು ಇನ್ನೊಂದು ಸೇರಿಸುತ್ತೇವೆ, ಅದನ್ನು ಇಲ್ಲಿ ಬರೆಯೋದಿಲ್ಲ. ಪದರಗಳಿಗೆ ಗಮ್ ಬೇಡ. ಸಾಲ್ವೆಂಟ್ ಗಮ್ ಒಣಗಿದ ಮೇಲೆ ಗಟ್ಟಿ ಗೆರೆಯಾಗಿ ಬೆನ್ನಿಗೆ ಒತ್ತುತ್ತದೆ, ಲ್ಯಾಟೆಕ್ಸು ತಾನಾಗೇ ಒಂದಕ್ಕೊಂದು ಕಚ್ಚಿ ಕೂರುತ್ತದೆ. ಕವರು ಹಿಗ್ಗುವ ಹೆಣಿಗೆ ಬಟ್ಟೆಯದಿರಲಿ. ಬಿಗಿಯಾಗಿ ಕ್ವಿಲ್ಟ್ ಮಾಡಿದ ಕವರು ತಮಟೆಯ ಹಾಗೆ ಎಳೆದು ನಿಂತರೆ ಕೆಳಗಿನ ಮೆದು ಪದರ ಇದ್ದೂ ಇಲ್ಲದಂತೆ.

ಮೂರನೆಯ ವಾಪಸ್ಸು ಬೂಷ್ಟಿನದ್ದು, ಆಶ್ಲೇಷ ಮಳೆಯ ಹೊತ್ತಿಗೆ ಬಂತು. ಬೂಷ್ಟು ಹಿಡಿದದ್ದು ಲ್ಯಾಟೆಕ್ಸಿಗಲ್ಲ, ಕವರಿನ ಅಡಿಗೆ ಮತ್ತು ಮಂಚದ ಪ್ಲೈವುಡ್ಡಿಗೆ. ಮೈಯ ಬೆಚ್ಚಗಿನ ತೇವ ಇಳಿದು ತಣ್ಣನೆಯ ಹಲಗೆಗೆ ತಾಗಿ ನೀರಾಗುತ್ತದೆ, ಹೋಗಲು ದಾರಿ ಇಲ್ಲ. ಪ್ಲೈವುಡ್ಡಿಗೆ ಆರಾರು ಇಂಚಿಗೆ ತೂತು ಕೊರೆದದ್ದು ಅರ್ಧಂಬರ್ಧ ಕೆಲಸ ಮಾಡಿತು. 3 ಇಂಚಿನ ರೀಪು, ನಡುವೆ 2 ಇಂಚು ಸಂದು, ಇದು ಗೆದ್ದಿತು. ಸಂದು 3 ಇಂಚು ದಾಟಿದರೆ ಹಾಸಿಗೆ ಅದರೊಳಗೆ ಇಳಿಯುತ್ತದೆ. ಖರ್ಚು ಉಳಿಸಲು ರೀಪಿನ ಬದಲು ಅಡಿಕೆ ದಬ್ಬೆಯನ್ನೂ ಹಾಕಿ ನೋಡಿದ್ದಾಯಿತು. ಗಾಳಿ ಚೆನ್ನಾಗೇ ಆಡಿತು, ಆದರೆ ಎಷ್ಟು ಹೆರೆದರೂ ಸಿಬಿರು ಏಳುತ್ತದೆ, ಎರಡನೇ ವರ್ಷಕ್ಕೆ ಕುಟ್ಟೆ ಹಿಡಿಯಿತು. ಅರ್ಧ ಇಂಚಿನ ತೆಂಗಿನ ನಾರಿನ ಚಾಪೆ ಮಾತ್ರ ಈಗಲೂ ಹಳೇ ಮಂಚಗಳಿಗೆ ಕೊಡುತ್ತೇವೆ.

ಹತ್ತಿ ಹಾಸಿಗೆಯ ಅಭ್ಯಾಸದಲ್ಲಿ ಮಳೆ ಬಿಟ್ಟ ಕೂಡಲೇ ಅಂಗಳದ ಬಿಸಿಲಿಗೆ ಎಳೆದು ಹಾಕುತ್ತಾರೆ, ಅದನ್ನು ಮೊದಲೇ ಹೇಳಿ ತಡೆಯಿರಿ. ಬಿಸಿಲಿಗೆ ಲ್ಯಾಟೆಕ್ಸು ಹಳದಿಯಾಗಿ ಪುಡಿ ಉದುರುತ್ತದೆ. ನೆರಳಲ್ಲಿ, ಜಗಲಿಯಲ್ಲಿ, ಗಾಳಿಗೆ ಒರಗಿಸಿದರೆ ಸಾಕು. ಎಣ್ಣೆಸ್ನಾನದ ದಿನ ದಪ್ಪ ಹೊದಿಕೆ ಹಾಸಿ, ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ನಮ್ಮ ಸೀಮೆಗೇ ಇನ್ನೊಂದು ಗಂಡಾಂತರ ಇದೆ. ಅಡಿಕೆಯ ಕೊಳೆರೋಗದ ಔಷಧಿಗೆ ಇಟ್ಟ ಮೈಲುತುತ್ತದ ಚೀಲದ ಕೋಣೆಯಲ್ಲಿ ಹಾಸಿಗೆ ಇಡಲೇಬೇಡಿ, ತಾಮ್ರದ ಅಂಶ ತಾಗಿದರೆ ರಬ್ಬರು ಬೇಗ ಹಾಳು.

ದುಡ್ಡಿನ ಮಾತು. 78×60 ಇಂಚಿನ ಹಾಸಿಗೆಗೆ 85ರ 4 ಇಂಚು, 65ರ 2 ಇಂಚು ಸೇರಿ 36 ಕೆಜಿ ಆಗುತ್ತದೆ. ನಮಗೆ ಕೇರಳದಿಂದ ಕೆಜಿಗೆ 500ರ ಆಸುಪಾಸಿಗೆ ಸಿಕ್ಕಿತು, ಅಲ್ಲಿಗೆ 18 ಸಾವಿರ. ಕವರು 3 ಸಾವಿರ ಚಿಲ್ಲರೆ, ಲಾರಿ ಬಾಡಿಗೆ ಸಾವಿರದೈನೂರು. ಮಜೂರಿ ಸೇರಿ 25 ಸಾವಿರದೊಳಗೆ ಕೂತಿತು. ಅರ್ಧ ಮಾಲು ವೇಸ್ಟೇಜಿಗೇ ಹೋಗುತ್ತೆ ಅಂತ ಹೆದರಿಸುವವರ ಮಾತು ಕೇಳಬೇಡಿ, ಕತ್ತರಿಸಿ ಉಳಿದ ಚೂರೆಲ್ಲ ದಿಂಬಿಗೆ ಹೋಗುತ್ತದೆ.

ಈಗ ನಡೀತಾ ಇರೋದು ಮೇಲೊಂದು ತೆಳು ಬೂರುಗದ ಹತ್ತಿ ಪದರ ಹಾಕುವ ಪ್ರಯೋಗ. ಚಳಿಗೆ ಹಿತ, ವಯಸ್ಸಾದವರು ಮೆಚ್ಚಿದ್ದಾರೆ. ಆದರೆ ಮೂರು ತಿಂಗಳಿಗೇ ಭುಜದ ಜಾಗದಲ್ಲಿ ಹತ್ತಿ ಗಂಟಾಗುತ್ತಿದೆ, ಹೊಲಿಗೆಯ ಚೌಕ 4 ಇಂಚಿಗೆ ಇಳಿಸಿ ಇನ್ನೊಂದು ಸಲ ನೋಡಬೇಕು.